ಅತ್ತಿಗೆಯ ಗಾಲಿಮಣೆ

ಅತ್ತಿಗೆಯ ಎರಡೂ ಮೊಳಕೈಗಳ ಚರ್ಮ ಸೀದ ರೊಟ್ಟಿಯ ಹಾಗೆ ಕಪ್ಪಾಗಿ ಗಟ್ಟಿಯಾಗಿತ್ತು. ಬಲಮೊಣಕಾಲಿನ ಕೆಳಗೆ ಬೆರಳುದ್ದದ ಹಳೆಯ ಗಾಯದ ಗುರುತು, ಅದರ ಮಗ್ಗುಲಲ್ಲೇ ಇನ್ನೂ ಕೆಂಪು ಮಾಸದ ಹೊಸ ಗುರುತು. ಮದುವೆಯ ಹಿಂದಿನ ದಿನ ಅರಿಷಿಣ ಹಚ್ಚಲು ಕೂತ ನಮ್ಮ ಕಡೆಯ ಹೆಂಗಸರ ಕೈಗಳು ಅಲ್ಲಲ್ಲೇ ನಿಂತವು. ದೊಡ್ಡವ್ವ ಎದ್ದು ಬಂದು ಅವ್ವನ ಕಿವಿಯಲ್ಲಿ, "ಹುಡುಗಿಗೆ ತವರಾಗ ಭಾಳ ಹೊಡದಾರ ಕಾಣ್ತೈತಿ. ಇಲ್ಲಂದ್ರ ಮೊದ್ಲ ಎಲ್ಲೆರ ಕೊಟ್ಟಿದ್ರೇನು, ಕೇಳು" ಅಂದಳು.

ನಾನು ಬಾಗಿಲ ಹಿಂದೆ ಒಣಕೊಬ್ಬರಿ ತುರಿಯುತ್ತ ಕೂತಿದ್ದೆ. ಮಾತು ಕೇಳಿಸಿತು. ಹೊಡೆತದ ಗುರುತು ಹೇಗಿರುತ್ತದೆಂದು ಆ ಮನೆಯಲ್ಲಿ ನನಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ಕಂಪ್ಲಿ ಕಡೆಯ ಗಂಡನ ಮನೆಯಿಂದ ನಾನು ತಿರುಗಿ ಬಂದು ಆಗಲೇ ವರ್ಷ ದಾಟಿತ್ತು. ಹೊಡೆತದ ಗುರುತು ಬೆನ್ನಿಗೆ ಬೀಳುತ್ತದೆ, ತೋಳಿನ ಒಳಮೈಗೆ ಬೀಳುತ್ತದೆ, ಸೀರೆ ರವಿಕೆ ಮುಚ್ಚುವಲ್ಲಿ ಬೀಳುತ್ತದೆ. ಹೊಡೆಯುವವರು ಅಷ್ಟು ಜಾಣರಿರುತ್ತಾರೆ. ಈ ಹುಡುಗಿಯ ಗುರುತುಗಳೋ ನಾಲ್ಕು ಮಂದಿಗೆ ಕಾಣುವ ಜಾಗದಲ್ಲೇ ಇದ್ದವು. ಮೇಲಾಗಿ ಅವಳು ಅವನ್ನು ಮುಚ್ಚಿಕೊಳ್ಳುತ್ತಲೂ ಇರಲಿಲ್ಲ. ಇವು ಬೇರೆ ಜಾತಿಯ ಗಾಯ ಅಂತ ನನಗನ್ನಿಸಿತು. ಎಂಥವು ಅಂತ ಮಾತ್ರ ಗೊತ್ತಾಗಲಿಲ್ಲ.

ಅತ್ತಿಗೆ ನನಗಿಂತ ಒಂದು ವರ್ಷ ಚಿಕ್ಕವಳು. ಆದರೂ ಅಣ್ಣನ ಹೆಂಡತಿ, ಅತ್ತಿಗೆಯೇ. ಹಂಪಿಯ ಹತ್ತಿರ ಹೊಳೆಯ ದಂಡೆಯ ಒಂದು ವಸತಿಗೃಹದಲ್ಲಿ ಅವಳ ಅವ್ವ ಬಟ್ಟೆ ಒಗೆಯುವ ಕೆಲಸಕ್ಕಿದ್ದಳು. ಅವಳು ಸಣ್ಣವಳಿದ್ದಾಗ ಒಂದು ಚಳಿಗಾಲ ಅಲ್ಲಿ ಬಂದು ಉಳಿದ ಪರದೇಶದ ಹುಡುಗಿಯೊಬ್ಬಳು, ಊರಿಗೆ ಹೊರಡುವ ದಿನ ತನ್ನ ಸ್ಕೇಟ್‌ಬೋರ್ಡನ್ನು ಇವಳ ಕೈಗಿಟ್ಟು ಹೋದಳಂತೆ. ಕಲಿಸುವವರು ಯಾರೂ ಇರಲಿಲ್ಲ. ಬಟ್ಟೆ ಒಣಹಾಕುವ ಸಿಮೆಂಟಿನ ಅಂಗಳದಲ್ಲಿ ಬಿದ್ದು ಎದ್ದು ತಾನೇ ಕಲಿತಳು. ನಮ್ಮಣ್ಣ ಕಾರ್ಖಾನೆಯೊಂದರಲ್ಲಿ ವೈರಿಂಗ್ ಕೆಲಸದವನು, ರಜೆಯ ದಿನ ಹೊರಗಿನ ರಿಪೇರಿಗೂ ಹೋಗುತ್ತಿದ್ದ. ಒಂದು ದಿನ ಆ ವಸತಿಗೃಹದ ಫ್ಯಾನು ರಿಪೇರಿಗೆ ಹೋದವನು ಕಿಟಕಿಯಿಂದ ನೋಡಿದರೆ, ಒದ್ದೆ ಚಾದರಗಳ ಸಾಲಿನ ಮೇಲೆ ಒಂದು ತಲೆ ಮಾತ್ರ ಸರ್ರನೆ ಹೋಗಿ ಸರ್ರನೆ ಬರುತ್ತಿತ್ತಂತೆ. "ಕಾಲ ಕಾಣ್ಲಿಲ್ಲ. ಬರೇ ತಲಿ ಹೋತು, ತಲಿ ಬಂತು" ಎಂದು ಅವನು ಎಲ್ಲರ ಮುಂದೂ ಹೇಳುತ್ತಿದ್ದ. ಕಂಬ ಹತ್ತಿ ಇಳಿದರೂ ಕಾಲು ಜಾರದ ಮನುಷ್ಯ ಅಂದು ಸ್ಟೂಲಿನಿಂದ ಬಿದ್ದ.

ಬುದ್ಧನ ಪಟದ ಮುಂದೆ ಎರಡು ಹೂಮಾಲೆಯಲ್ಲಿ ಮದುವೆ ಮುಗಿಯಿತು. ಹೊಸಪೇಟೆಯ ನಮ್ಮ ಮನೆಗೆ ಅತ್ತಿಗೆ ತಂದ ಸಾಮಾನಿನಲ್ಲಿ ಹಳೆಯ ಸೀರೆಯೊಂದರಲ್ಲಿ ಸುತ್ತಿದ ಉದ್ದನೆಯ ಗಂಟಿತ್ತು. ಬಿಚ್ಚಿದರೆ ಎರಡೂ ತುದಿ ಮೇಲಕ್ಕೆ ಬಾಗಿದ ಹಲಗೆ, ಕೆಳಗೆ ನಾಲ್ಕು ಗಾಲಿ.

"ಇದೇನ್ಬೇ, ಮಣಿಗೆ ಗಾಲಿ ಹಚ್ಚೀರಿ?" ಎಂದಳು ಅವ್ವ.

"ಇದು ಕುಂದ್ರೂ ಮಣಿ ಅಲ್ಲತ್ತಿ, ನಿಂದ್ರೂ ಮಣಿ" ಅಂದಳು ಅತ್ತಿಗೆ.

ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಗಾಲಿಮಣೆ. ಅವ್ವ ಅದನ್ನು ಸುಮ್ಮನೆ ಬಿಡಲಿಲ್ಲ. ಗ್ಯಾಸ್ ಸಿಲಿಂಡರನ್ನು ಅದರ ಮೇಲಿಟ್ಟು ಪಡಸಾಲೆಯಿಂದ ಒಲೆಯ ತನಕ ತಳ್ಳಿದಳು, ಅಕ್ಕಿ ಚೀಲ ಸಾಗಿಸಿದಳು. "ಏನರ ಅನ್ರಿ, ಭಾಳ ಉಪಯೋಗದ ಸಾಮಾನು" ಎಂದು ಪಕ್ಕದ ಮನೆಯವರಿಗೂ ಹೇಳಿದಳು. ಅವ್ವ ಅತ್ತ ಹೋದಮೇಲೆ ಅತ್ತಿಗೆ ಹಲಗೆಯನ್ನು ತಲೆಕೆಳಗು ಮಾಡಿ, ಗಾಲಿಗಳನ್ನು ಒಂದೊಂದಾಗಿ ತಿರುಗಿಸಿ, ಕಿವಿಗೊಟ್ಟು ಕೇಳುತ್ತಿದ್ದಳು.

ಗಾಯಗಳ ವಿಷಯವನ್ನು ಅವ್ವ ಒಂದು ವಾರ ತಡೆದು ಕೇಳಿಯೇಬಿಟ್ಟಳು. ಅತ್ತಿಗೆ ಬಂಗಾರದ ಒಡವೆ ತೋರಿಸುವವಳ ಹಾಗೆ ಸೀರೆಯನ್ನು ಮೊಣಕಾಲಿನ ತನಕ ಎತ್ತಿ, "ಇದು ಒಗಿಯೋ ಕಲ್ಲಿಗೆ ಹೊಡಕೊಂಡಿದ್ದು. ಇದು ಪಾವಟಿಗಿ ಇಳಿಯಾಕ ಹೋಗಿ ಬಿದ್ದಿದ್ದು. ಈ ಕೆಂಪಂದು ಐತಲ್ಲ, ಇದು ನಿಮ್ಮ ಮಗ ನನ್ನ ನೋಡಾಕ ಬಂದ ದಿನದ್ದು" ಎಂದಳು. ಅವ್ವ ನಗಬೇಕೋ ಬೈಯಬೇಕೋ ತಿಳಿಯದೆ ಒಲೆಯ ಕಡೆ ತಿರುಗಿದಳು.

ಅತ್ತಿಗೆಯಲ್ಲಿ ಎಲ್ಲ ಗುಣವೂ ಒಳ್ಳೆಯವೇ ಇದ್ದವೆಂದು ನಾನು ಹೇಳುವುದಿಲ್ಲ. ಅವಳು ತಟ್ಟಿದ ರೊಟ್ಟಿ ಹೆಂಚಿಗೆ ಬೀಳುವ ಮೊದಲೇ ಮೂರು ಭಾಗವಾಗಿರುತ್ತಿತ್ತು. ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತಿರಲಿಲ್ಲ. ಸಿಟ್ಟು ಬಂದರೆ ಊಟ ಬಿಟ್ಟು ಮಲಗುವಳು, ಅರ್ಧ ತಾಸಿಗೆಲ್ಲ ಎದ್ದು ಬಂದು ಬುಟ್ಟಿಯಲ್ಲಿ ಏನಿದೆ ಎಂದು ನೋಡುವಳು. ಹುರಿದ ಶೇಂಗಾ ಅಂದರೆ ಪ್ರಾಣ. ಕುಪ್ಪಸದ ಸಂದಿಯಲ್ಲಿ ಸದಾ ಒಂದು ಮುಷ್ಟಿ ಶೇಂಗಾದ ಪೊಟ್ಟಣ ಇರುತ್ತಿತ್ತು.

ನಾನು ಆಗ ಮನೆ ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ಯಾರೂ ತಡೆದಿರಲಿಲ್ಲ. ಆದರೆ ಓಣಿಯ ಕಿರಾಣಿ ಅಂಗಡಿಯ ತನಕ ಹೋದರೆ ಸಾಕು, "ಯಾವಾಗ ಬಂದ್ಯವ್ವ? ಯಾವಾಗ ಹೋಗ್ತಿ?" ಎಂದು ಕೇಳುತ್ತಿದ್ದರು. ಮೊದಮೊದಲು ಏನೋ ಒಂದು ಸುಳ್ಳು ಹೇಳುತ್ತಿದ್ದೆ. ಆಮೇಲೆ ಹೋಗುವುದನ್ನೇ ಬಿಟ್ಟೆ. ಹಿತ್ತಲಿಗೆ ಹೋಗುವಾಗಲೂ ತಲೆಯ ಮೇಲೆ ಸೆರಗು ಹೊದ್ದು ಹೋಗುತ್ತಿದ್ದೆ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಅವ್ವ ನನ್ನ ವಿಷಯದಲ್ಲಿ ಮಾತಾಡುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಊಟದ ತಟ್ಟೆಯಲ್ಲಿ ನನಗೊಂದು ರೊಟ್ಟಿ ಹೆಚ್ಚಿಗೆ ಹಾಕುತ್ತಿದ್ದಳು, ಅಷ್ಟೇ.

ಆ ವರ್ಷ ಮಳೆ ಜೋರಿತ್ತು. ಡ್ಯಾಮಿನ ಗೇಟು ತೆಗೆದಿದ್ದರು. ಒಂದು ಸಂಜೆ ಅಣ್ಣ ಎರಡನೇ ಶಿಫ್ಟಿಗೆ ಕಾರ್ಖಾನೆಗೆ ಹೋಗಿದ್ದ, ಅವ್ವ ಪಾಪಿನಾಯಕನಹಳ್ಳಿಯ ನೆಂಟರ ಮನೆಗೆ ಹೋದವಳು ಮಳೆಗೆ ಅಲ್ಲೇ ಉಳಿದಿದ್ದಳು. ಕತ್ತಲಾಗಿತ್ತು, ಇನ್ನೂ ಊಟದ ಹೊತ್ತಾಗಿರಲಿಲ್ಲ. ಅತ್ತಿಗೆ ಅಣ್ಣನ ಹಳೆಯ ಪ್ಯಾಂಟು, ಅದರ ಮೇಲೆ ಅಂಗಿ ತೊಟ್ಟು, ಹಲಗೆ ಬಗಲಲ್ಲಿಟ್ಟುಕೊಂಡು ಬಂದು ನಿಂತಳು.

"ಏಳು, ಹೋಗೂಣು."

"ಎಲ್ಲಿಗ್ರಿ? ಮಳಿ ಬರಾಕತ್ತೈತಿ."

"ಮಳಿ ಬರಾಕತ್ತೈತಂತನ ಹೋಗೂದು. ಊರಾಗ ಒಬ್ರೂ ಹೊರಗಿರಂಗಿಲ್ಲ. ನಿನ್ನ ಯಾರು ನೋಡ್ತಾರ?"

ಗೊಬ್ಬರದ ಚೀಲ ಮಡಚಿ ಇಬ್ಬರೂ ತಲೆಗೆ ಕೊಪ್ಪೆ ಮಾಡಿಕೊಂಡೆವು. ಓಣಿ ದಾಟಿ ದೊಡ್ಡ ರಸ್ತೆಗೆ ಬಂದೆವು. ಅದಿರಿನ ಲಾರಿಗಳು ಚೆಲ್ಲಿಹೋದ ಮಣ್ಣೆಲ್ಲ ಕರಗಿ ರಸ್ತೆಯ ತುಂಬ ಕೆಂಪು ನೀರು ಹರಿಯುತ್ತಿತ್ತು. ಅಂಗಡಿಗಳ ಶಟರ್ ಅರ್ಧ ಇಳಿದಿದ್ದವು. ಅತ್ತಿಗೆ ಹೇಳಿದ್ದು ನಿಜವಾಗಿತ್ತು. ಒಬ್ಬರೂ ತಲೆ ಎತ್ತಿ ನೋಡಲಿಲ್ಲ. ವರ್ಷದ ಮೇಲೆ ಊರಿನ ರಸ್ತೆಯಲ್ಲಿ ನಡೆಯುತ್ತಿದ್ದೆ.

ಅವಳು ನನ್ನನ್ನು ಕರೆದುಕೊಂಡು ಹೋಗಿದ್ದು ಮಾರ್ಕೆಟ್ ಯಾರ್ಡಿಗೆ. ಅಲ್ಲಿ ಕಾಳು ಹರಾಜು ಹಾಕುವ ದೊಡ್ಡ ಶೆಡ್ಡುಗಳಿದ್ದವು. ಸುತ್ತ ಗೋಡೆ ಇಲ್ಲ, ಬರಿ ಕಂಬ. ಮೇಲೆ ತಗಡು, ಕೆಳಗೆ ಕನ್ನಡಿಯಂತೆ ನುಣುಪಾದ ಸಿಮೆಂಟಿನ ನೆಲ. ಹೊಸ ಮಾಲು ಬರಲು ಇನ್ನೂ ತಿಂಗಳುಗಳಿದ್ದುದರಿಂದ ಇಡೀ ಶೆಡ್ಡು ಖಾಲಿ. ಮಳೆಗೆ ಒಳಗೆ ಬಂದ ನಾಲ್ಕಾರು ದನ, ಒಂದು ಎಮ್ಮೆ ಮೂಲೆಯಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ನಡುವೆ ಒಂದೇ ಒಂದು ದೀಪ. ತಗಡಿನ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ ಪಕ್ಕದಲ್ಲಿದ್ದವರ ಮಾತೂ ಕೇಳುತ್ತಿರಲಿಲ್ಲ.

ಅತ್ತಿಗೆ ಕೊಪ್ಪೆ ತೆಗೆದು, ಜಡೆಯನ್ನು ಅಂಗಿಯ ಕೊರಳೊಳಗೆ ತುರುಕಿ, ಹಲಗೆಯ ತಳವನ್ನು ಸೆರಗಿಲ್ಲದ ಕಾರಣ ಅಂಗಿಯಿಂದಲೇ ಒರೆಸಿದಳು. ಆಮೇಲೆ ಒಂದು ಕಾಲಿಟ್ಟು ಇನ್ನೊಂದರಿಂದ ನೆಲವನ್ನು ಒದ್ದಳು. ಅಷ್ಟೇ ನಾನು ನೋಡಿದ್ದು. ಮರುಗಳಿಗೆ ಅವಳು ಶೆಡ್ಡಿನ ಆ ತುದಿಯಲ್ಲಿದ್ದಳು. ತಿರುಗಿದಳು, ಬಂದಳು, ಕಂಬದಿಂದ ಕಂಬಕ್ಕೆ ಹಾವಿನ ಹಾಗೆ ಸುತ್ತಿದಳು. ಬಾಗಿ ಕೂತಳು, ಎದ್ದಳು. ಒಮ್ಮೆ ಹಲಗೆಯ ಸಮೇತ ಗಾಳಿಗೆ ನೆಗೆದಳು. ಇಳಿದಾಗ ಟಪ್ಪೆಂದು ಆದ ಸದ್ದು ಮಳೆಯನ್ನೂ ಮೀರಿ ಕೇಳಿಸಿತು. ಮೂಲೆಯ ಎಮ್ಮೆ ತಲೆ ಎತ್ತಿತು. ಮನೆಯಲ್ಲಿ ರೊಟ್ಟಿ ಮುರಿಯುವ, ಹೊಸ್ತಿಲು ಎಡವುವ, ಸೊಸೆಯಾಗಿ ಇನ್ನೂ ಹೊಂದಿಕೊಳ್ಳದ ಅತ್ತಿಗೆ ಇವಳೇನಾ ಅನ್ನಿಸಿತು. ಮೈಯಲ್ಲಿ ಒಂದು ಎಲುಬೂ ಇಲ್ಲದವಳ ಹಾಗೆ, ಎಲ್ಲೂ ತಡೆಯಿಲ್ಲದೆ ಹರಿಯುತ್ತಿದ್ದಳು.

ಬಂದು ನನ್ನ ಮುಂದೆ ನಿಂತು, ಕಿವಿಗೆ ಬಾಯಿ ಹಚ್ಚಿ ಕೂಗಿದಳು. "ಈಗ ನೀ."

"ಒಲ್ಲೆ. ಬೀಳ್ತೀನ್ರಿ."

"ಬೀಳೂದು ಗ್ಯಾರಂಟಿ. ಅದನ್ನ ಮೊದ್ಲು ಕಲಿ. ಬೀಳ್ತೀನಿ ಅನಿಸಿದ ಕೂಡ್ಲೇ ಕುಂದ್ರು. ನೆಲಕ್ಕ ಸನೇಕ ಇದ್ರ ಪೆಟ್ಟು ಕಮ್ಮಿ."

ಆ ರಾತ್ರಿ ಅವಳು ನನಗೆ ಕಲಿಸಿದ್ದು ಬೀಳುವುದನ್ನು ಮಾತ್ರ. ಎಡಕ್ಕೆ, ಬಲಕ್ಕೆ, ಹಿಂದಕ್ಕೆ. ಕೈ ಊರಬಾರದು, ಮೈ ಉರುಳಿಸಬೇಕು. ನಾನು ಎಷ್ಟೋ ಸಲ ಬಿದ್ದಿದ್ದೇನೆ, ಬೇರೆಯವರ ಕೈಯಿಂದ. ಬೀಳುವುದರಲ್ಲಿ ಕಲಿಯುವಂಥದ್ದೇನಾದರೂ ಇದೆ ಎಂದು ಅಂದಿನ ತನಕ ಗೊತ್ತಿರಲಿಲ್ಲ. ಸಿಮೆಂಟಿನ ಮೇಲೆ ಉರುಳಿ ಉರುಳಿ ಮೈಯೆಲ್ಲ ನೋವಾಗಿ, ಕೊನೆಗೆ ಅಂಗಾತ ಮಲಗಿ ತಗಡನ್ನೇ ನೋಡುತ್ತಿದ್ದೆ. ಅತ್ತಿಗೆ ಪಕ್ಕದಲ್ಲಿ ಕೂತು ಶೇಂಗಾ ಪೊಟ್ಟಣ ಬಿಚ್ಚಿ ಅರ್ಧ ಕೊಟ್ಟಳು. ನನ್ನ ಗಂಡನ ಬಗ್ಗೆ, ಮನೆ ಬಿಟ್ಟು ಬಂದಿದ್ದರ ಬಗ್ಗೆ ಅವಳು ಒಂದು ಮಾತೂ ಕೇಳಲಿಲ್ಲ. ಆಮೇಲೂ ಕೇಳಿದವಳಲ್ಲ.

ಅಲ್ಲಿಂದ ಮಳೆ ಬಂತೆಂದರೆ ನಮ್ಮಿಬ್ಬರ ಮುಖ ಅರಳುತ್ತಿತ್ತು. ಮಧ್ಯಾಹ್ನದಿಂದಲೇ ಮೋಡ ನೋಡುತ್ತಿದ್ದೆವು. ಅವ್ವನಿಗೆ "ಗೆಳತಿ ಮನಿಗೆ" ಎಂದು, ಗುಟ್ಟು ನಿಲ್ಲದ ಅತ್ತಿಗೆ ಇದೊಂದು ಸುಳ್ಳನ್ನು ಸಲೀಸಾಗಿ ಹೇಳುತ್ತಿದ್ದಳು. ಅಣ್ಣನಿಗೆ ಎಲ್ಲ ಗೊತ್ತಿತ್ತು. ಅವನು ಗಾಲಿಗೆ ಹಾಕುವ ಎಣ್ಣೆಯ ಶೀಶೆಯನ್ನು ಕಾರ್ಖಾನೆಯಿಂದ ಬರುವಾಗ ದಾರಿಯಲ್ಲಿ ಕೊಂಡು ತಂದು ಕಿಟಕಿಯ ಮೇಲಿಟ್ಟ. ಮೊದಲು ನಾನು ಹಲಗೆಯ ಮೇಲೆ ಕೂತು ಹೋದೆ, ಅತ್ತಿಗೆ ತಳ್ಳಿದಳು. ಆಮೇಲೆ ಅವಳ ಎರಡೂ ಕೈ ಹಿಡಿದು ನಿಂತೆ. ಆಮೇಲೆ ಒಂದು ಕೈ. ನನ್ನ ಕೈ ಹಿಡಿದು ಪಕ್ಕದಲ್ಲಿ ಓಡುವಾಗ ಅವಳು, "ನೆಲ ನೋಡಬ್ಯಾಡ. ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡು. ಕಾಲು ತಾನ ಬರ್ತಾವ" ಎಂದು ಕೂಗುತ್ತಿದ್ದಳು.

ಕೈ ಬಿಡುವ ಮೊದಲೇ ಅನಾಹುತವಾಯಿತು. ಒಂದು ದಿನ ಅವಳ ಮಾತು ಕೇಳದೆ ಜೋರಾಗಿ ಒದ್ದು, ಅವಳ ಕೈ ತಪ್ಪಿ ಕಂಬಕ್ಕೆ ಹೋಗಿ ಬಡಿದೆ. ಹುಬ್ಬಿನ ಮೇಲೆ ಒಡೆದು ರಕ್ತ ಬಂತು. ಅತ್ತಿಗೆ ಟವೆಲ್ ಒತ್ತಿ ಹಿಡಿದು ದವಾಖಾನೆಗೆ ಕರೆದುಕೊಂಡು ಹೋದಳು. ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ಅವಳ ಕಣ್ಣಿಗೆ ಮೊದಲು ಬಿದ್ದದ್ದು ನನ್ನ ಹಣೆಯ ಪಟ್ಟಿ. ನಾನು ಕಂಪ್ಲಿಯಿಂದ ಬಂದು ಬಸ್ಸಿಳಿದಾಗಲೂ ನನ್ನ ಮುಖ ಹೀಗೇ ಇತ್ತು; ಆ ಕೊನೆಯ ಸಲ ಹೊಡೆದವನು ಜಾಣತನ ಮರೆತಿದ್ದ.

ಅವ್ವ ಅತ್ತಿಗೆಯ ಕಡೆ ತಿರುಗಿ, "ಒಬ್ಬರು ಬಡದು ಕಳಿಸಿದ್ದು ಸಾಲ್ಲಿಲ್ಲಂತ ನೀನೂ ಶುರು ಮಾಡಿದೇನು?" ಎಂದಳು.

ಯಾವಾಗಲೂ ಮಾತಿಗೆ ಮಾತು ಕೊಡುವ ಅತ್ತಿಗೆ ಅಂದು ಹಲಗೆಯನ್ನು ಬಾಗಿಲ ಬಳಿಯೇ ಇಟ್ಟು ಒಳಗೆ ಹೋದಳು. ಅವ್ವ ಹಲಗೆಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿದಳು. "ನನ್ನ ತಪ್ಪವ್ವ, ಅವರದಲ್ಲ" ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಅತ್ತೆ ಸೊಸೆ ವಾರಗಟ್ಟಲೆ ಮಾತಾಡಲಿಲ್ಲ. ಅನ್ನಕ್ಕೆ ಕರೆಯಬೇಕಾದರೂ ನನ್ನ ಮೂಲಕವೇ ಹೇಳಿ ಕಳಿಸುತ್ತಿದ್ದರು. ಮಳೆ ಬಂದ ರಾತ್ರಿ ಅತ್ತಿಗೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು.

ಅದೇ ಹೊತ್ತಿಗೆ ಕಂಪ್ಲಿ ಕಡೆಯಿಂದ ಹಿರಿಯರು ಬಂದರು. ಗಂಡನ ಚಿಕ್ಕಪ್ಪ, ಜೊತೆಗೆ ಇಬ್ಬರು. ಚಾ ಕುಡಿದು, ಬೆಳೆಯ ಮಾತಾಡಿ, ಕೊನೆಗೆ ಚಿಕ್ಕಪ್ಪ ಹೇಳಿದ. "ಆಗಿದ್ದಾತು. ಹುಡುಗಗ ಬುದ್ಧಿ ಹೇಳೀವಿ. ಹೆಣ್ಮಗಳನ್ನ ಕಳಸ್ರಿ. ಇಲ್ಲಿ ಇಟಗೊಂಡ್ರ ನಿಮಗೂ ಛಲೋ ಅಲ್ಲ. ಮಳ್ಯಾಗ ಗಾಲಿ ಮ್ಯಾಲ ಕುಣೀತಾರಂತ ನಮ್ಮೂರ ತನಕ ಸುದ್ದಿ ಬಂದೈತಿ."

ಅಣ್ಣ ನೆಲ ನೋಡುತ್ತಿದ್ದ. ಮಗಳನ್ನು ಕಳಿಸುವ ಮನಸ್ಸು ಅವ್ವನಿಗಿರಲಿಲ್ಲ, ಆದರೆ ಮನೆಗೆ ಬಂದ ಹಿರಿಯರಿಗೆ ಇಲ್ಲವೆಂದು ಅವಳು ಜನ್ಮದಲ್ಲಿ ಹೇಳಿದವಳಲ್ಲ. ಯಾರಾದರೂ ಏನಾದರೂ ಹೇಳಬಹುದೆಂದು ನಾನು ಒಳಬಾಗಿಲಲ್ಲಿ ಕಾಯುತ್ತಿದ್ದೆ. ಅತ್ತಿಗೆ ಚಾದ ಲೋಟಗಳನ್ನು ಎತ್ತಲು ಬಂದವಳು ತಟ್ಟೆಯನ್ನು ಕೆಳಗಿಟ್ಟು, ಮೆಲ್ಲಗೆ ಅಂದಳು. "ಆಕಿ ಅಲ್ಲೇ ನಿಂತಾಳ್ರಿ. ಆಕೀನ್ನ ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನನ್ನು ಯಾರೂ ಯಾವ ಮಾತೂ ಕೇಳಿರಲಿಲ್ಲ, ಮದುವೆಗೂ, ಬಂದಮೇಲೂ. ನಾನು ಅತ್ತಿಗೆಯ ಮುಖ ನೋಡಿದೆ. ಅವಳು ನನ್ನನ್ನು ನೋಡದೆ ಲೋಟಗಳನ್ನೇ ಜೋಡಿಸುತ್ತಿದ್ದಳು. ಸಹಾಯ ಅಲ್ಲಿಗೆ ಮುಗಿದಿತ್ತು. ಉಳಿದದ್ದನ್ನು ನಾನೇ ಮಾಡಬೇಕಿತ್ತು.

"ನಾ ಬರಂಗಿಲ್ರಿ" ಎಂದೆ. ದನಿ ಸಣ್ಣಗಿತ್ತು. ಅದಕ್ಕೇ ಇನ್ನೊಮ್ಮೆ ಹೇಳಿದೆ. "ಈಗಷ್ಟ ಅಲ್ಲ, ಯಾವತ್ತೂ ಬರಂಗಿಲ್ಲ. ಕೋರ್ಟಿಗೆ ಹೋಗೋದಿದ್ರ ಹೋಗ್ತೀನಿ. ಆ ಮನಿಗೆ ಬರಂಗಿಲ್ಲ."

ಚಿಕ್ಕಪ್ಪ ಅವ್ವನ ಕಡೆ ನೋಡಿದ. ಅವ್ವ, "ಹೇಳ್ಯಾಳಲ್ರಿ" ಎಂದಳು. ಅಷ್ಟೇ. ಅವರು ಎದ್ದು ಚಪ್ಪಲಿ ಮೆಟ್ಟಿದರು.

ದೀಪ ಹಚ್ಚುವ ಹೊತ್ತಿಗೆ ಮೋಡ ಕಟ್ಟಿ, ಹನಿ ದಪ್ಪಗೆ ಬೀಳತೊಡಗಿತು. ಅವ್ವ ಕೋಣೆಗೆ ಹೋದಳು. ಟ್ರಂಕಿನ ಬೀಗ ತೆಗೆದ ಸದ್ದಾಯಿತು. ಹಲಗೆಯನ್ನು ತಂದು ಅತ್ತಿಗೆಯ ಮುಂದಿಟ್ಟು, ವಾರಗಳ ಮೇಲೆ ಅವಳೊಡನೆ ನೇರ ಮಾತಾಡಿದಳು. "ಹೋಗೂದಿದ್ರ ಜಲ್ದಿ ಹೋಗಿ ಬರ್ರಿ. ಸಾರು ಆರತೈತಿ. ಆ ಕಂಬಕ್ಕ ಏನರ ಗೋಣಿಚೀಲ ಸುತ್ತಾಕ ಬರ್ತೈತೇನು ನೋಡ್ರಿ."

ಅಂದು ರಾತ್ರಿ ಶೆಡ್ಡಿನಲ್ಲಿ ಅತ್ತಿಗೆ ನನ್ನ ಕೈ ಬಿಟ್ಟಳು. ಬಿಟ್ಟದ್ದು ನನಗೆ ತಿಳಿಯಲಿಲ್ಲ. ದೂರದ ಕಂಬವನ್ನೇ ನೋಡುತ್ತ ಹೋಗುತ್ತಿದ್ದೆ. ಗಾಲಿಯ ಸದ್ದು ಕಾಲೊಳಗಿಂದ ಎದೆಗೆ ಬರುತ್ತಿತ್ತು, ಎರಡೂ ಕಡೆ ಮಳೆಯ ನೀರು ಪರದೆಯ ಹಾಗೆ ಇಳಿಯುತ್ತಿತ್ತು. ಆ ತುದಿ ಮುಟ್ಟಿ, ಇಳಿದು, ತಿರುಗಿ ನೋಡಿದರೆ ಅತ್ತಿಗೆ ನನ್ನನ್ನು ನೋಡುತ್ತಲೇ ಇರಲಿಲ್ಲ. ವಾಪಸು ಬರುವ ದಾರಿಗೆ ಅಡ್ಡ ಬಂದು ನಿಂತ ಎಮ್ಮೆಯನ್ನು ದಬ್ಬುತ್ತಿದ್ದಳು. "ಅತ್ತಿಗಿ, ಬಂದೆ, ಒಬ್ಬಾಕಿನ ಬಂದೆ" ಎಂದು ಕೂಗಿದೆ. ಮಳೆಯಲ್ಲಿ ಕೇಳಿಸಲಿಲ್ಲ. "ಏನು?" ಎಂದು ಕೈಸನ್ನೆ ಮಾಡಿದಳು. ನನಗೆ ನಗು ತಡೆಯಲಾಗಲಿಲ್ಲ. ಅಲ್ಲೇ ಕೂತು ನಕ್ಕೆ.

ದಸರೆ ಕಳೆದು ಮೆಕ್ಕೆಜೋಳ ಬಂತು. ಶೆಡ್ಡಿನ ತುಂಬ ರಾಶಿ, ಹಮಾಲರು, ತೂಕದ ಗದ್ದಲ. ಮಳೆಯೂ ನಿಂತಿತ್ತು. ಒಂದು ಸಂಜೆ ಅತ್ತಿಗೆ ಎಂದಿನಂತೆ "ಏಳು, ಹೋಗೂಣು" ಎಂದಾಗ, ಹಲಗೆಗೆ ಜಾಗವಿಲ್ಲವೆಂದು ನೆನಪಾಯಿತು. ಆದರೂ ಹೋದೆವು. ಬೆಳಕಿರುವಾಗಲೇ, ಸೆರಗು ಹೊದೆಯದೆ, ಜನರ ನಡುವೆ ಬಸ್ ನಿಲ್ದಾಣದ ತನಕ ನಡೆದೆವು. ಗಾಡಿಯ ಮುಂದೆ ನಿಂತು ಮಿರ್ಚಿ ಭಜಿ ತಿಂದೆವು. ಓಣಿಯ ಹೆಂಗಸೊಬ್ಬಳು ಎದುರಾಗಿ, "ಯಾವಾಗ ಹೋಗ್ತ್ಯವ್ವ?" ಎಂದಳು. "ಹೋಗಂಗಿಲ್ರಿ, ಇಲ್ಲೇ ಇರ್ತೀನಿ" ಎಂದೆ. "ಹೌದಾ, ಛಲೋ ಆತು ಬಿಡು" ಎಂದು ಅವಳು ತನ್ನ ದಾರಿ ಹಿಡಿದಳು. ಇಷ್ಟು ಸಣ್ಣ ಮಾತಿಗೆ ನಾನು ವರ್ಷಗಟ್ಟಲೆ ಹೆದರಿದ್ದೆ.

ಮುಂದೆ ನಾನು ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮಾಡಿದೆ. ಈಗ ಊರಲ್ಲೇ ರಕ್ತ ಪರೀಕ್ಷೆಯ ಕೇಂದ್ರವೊಂದರಲ್ಲಿದ್ದೇನೆ. ಕೋರ್ಟಿನ ಕೆಲಸವೂ ಮುಗಿಯಿತು. ಸೂಜಿ ನೋಡಿ ಹೆದರುವವರು ಬಂದರೆ, "ಸೂಜಿ ನೋಡಬ್ಯಾಡ್ರಿ, ಬಾಗಲ ಕಡೆ ನೋಡ್ರಿ" ಎನ್ನುತ್ತೇನೆ. ಆ ಮಾತು ನನ್ನದಲ್ಲ, ಎಲ್ಲಿಂದ ಬಂತೆಂದು ನನಗೆ ಗೊತ್ತು. ಅಣ್ಣನಿಗೆ ಸಂಡೂರಿನಲ್ಲಿ ಕೆಲಸ ಸಿಕ್ಕು ಅವರು ಅಲ್ಲಿಗೆ ಹೋದರು. ಅತ್ತಿಗೆಗೆ ಒಬ್ಬಳು ಮಗಳು. ಹೆರಿಗೆಯ ಮೇಲೆ ಮೊಣಕಾಲು ನೋವೆಂದು ಹಲಗೆ ಹತ್ತುವುದು ಕಡಿಮೆಯಾಗಿದೆ, ಬಿಟ್ಟಿಲ್ಲ. ರೊಟ್ಟಿ ಈಗಲೂ ಮುರಿಯುತ್ತದೆ.

ಈ ವರ್ಷ ಶ್ರಾವಣದ ಒಂದು ಭಾನುವಾರ ಸ್ಕೂಟಿಯಲ್ಲಿ ಸಂಡೂರಿಗೆ ಹೋಗಿದ್ದೆ. ಗುಡ್ಡಗಳೆಲ್ಲ ಹಸಿರಾಗಿ, ಸಣ್ಣಗೆ ಮಳೆ ಹನಿಯುತ್ತಿತ್ತು. ಅವರ ಮನೆಯ ಮುಂದೆ ತಗಡು ಹೊದೆಸಿದ ಉದ್ದನೆಯ ಸಿಮೆಂಟಿನ ಜಾಗವಿದೆ. ಅಲ್ಲಿ ಮಗಳು ಹಲಗೆಯ ಮೇಲೆ ನಿಂತಿದ್ದಳು. ಅತ್ತಿಗೆ ಅವಳ ಎರಡೂ ರೆಟ್ಟೆ ಬಿಗಿಯಾಗಿ ಹಿಡಿದಿದ್ದಳು.

"ಬಿಡ್ಬೇ ಯವ್ವಾ" ಎನ್ನುತ್ತಿತ್ತು ಕೂಸು.

"ಬ್ಯಾಡ ಲೇ, ಬೀಳ್ತಿ. ನಾಳೆ ಬಿಡ್ತೀನಿ."

ಅತ್ತಿಗೆಯ ಹಣೆಯಲ್ಲಿ ಬೆವರಿತ್ತು. ನನ್ನನ್ನು ಕಂಡು, "ನೋಡು, ಕೈ ಬಿಡಾಕ ಆಗವಲ್ದು. ಒಂದು ವಾರಾತು, ದಿನಾ ನಾಳೆ ಅಂತೀನಿ" ಎಂದಳು. ಅವಳು ಹೆದರಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ನಾನು ಸ್ಕೂಟಿ ನಿಲ್ಲಿಸಿ, ಚಪ್ಪಲಿ ಕಳಚಿಟ್ಟು, ಅವಳ ಕೈಯಿಂದ ಮಗುವಿನ ಕೈ ಇಸಿದುಕೊಂಡೆ.

"ನೀವು ಒಳಗ ಹೋಗ್ರಿ ಅತ್ತಿಗಿ. ಚಾ ಇಡ್ರಿ. ನಾ ಅದೀನಿ."

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳುವ ತನಕ ಕಾದು, ನಾನು ಮಗುವಿನ ಪಕ್ಕದಲ್ಲಿ ಓಡತೊಡಗಿದೆ.